ಉಳಿದ ಒಂದು ಆಂಪಿಯರ್

"ಎಷ್ಟಿದೆ ನಿನ್ನ ಹತ್ರ?" ಎಂದು ಅಬೂ ತಬಾರಕ್ ಕೇಳಿದ. ಸಿನಾಅ ಬೀದಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಗಿರಾಕಿಯನ್ನು ಮೊದಲು ಕೇಳುವುದೇ ಅದು.

"ಒಂದು ಆಂಪಿಯರ್," ಎಂದ ನಿಬ್ರಾಸ್.

ಅಂಗಡಿಯವನು ನಕ್ಕುಬಿಟ್ಟ. "ನನ್ನ ಕಣ್ಣೇ, ನಾನು ಕೇಳಿದ್ದು ದಿನಾರು."

"ದಿನಾರೂ ಅಷ್ಟಕ್ಕಷ್ಟೇ. ಆದ್ರೆ ಅದನ್ನ ಯಾರ ಹತ್ರಾನಾದ್ರೂ ಕೇಳಬಹುದು. ಆಂಪಿಯರ್ ಯಾರು ಕೊಡ್ತಾರೆ?"

ಅಬೂ ತಬಾರಕ್‌ಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಬಾಗ್ದಾದಿನ ಎಲ್ಲ ಮೊಹಲ್ಲೆಗಳ ಹಾಗೆ ನಮ್ಮ ಶುಅಲಾದಲ್ಲೂ ಸರ್ಕಾರದ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತದೆ. ಉಳಿದ ಹೊತ್ತಿಗೆ ಬೀದಿಯ ಜನರೇಟರಿನಿಂದ ಎಳೆದ ತಂತಿಯೇ ಗತಿ. ನಿಬ್ರಾಸನ ಮನೆಗಿದ್ದದ್ದು ನಾಲ್ಕು ಆಂಪಿಯರ್. ತಾಯಿಯ ಆಕ್ಸಿಜನ್ ಯಂತ್ರ ಒಂದೂವರೆಗಿಂತ ತುಸು ಹೆಚ್ಚೇ ಎಳೆದುಕೊಳ್ಳುತ್ತಿತ್ತು. ಕೂಲರು, ಫ್ರಿಜ್ಜು, ಒಂದು ಫ್ಯಾನು, ಒಂದು ದೀಪ ಎಂದು ಕಳೆಯುತ್ತ ಹೋದರೆ, ಅದೂ ಫ್ರಿಜ್ಜನ್ನು ಸ್ವಲ್ಪ ಹೊತ್ತು ಆರಿಸಿಟ್ಟರೆ, ಒಂದು ಉಳಿಯುತ್ತಿತ್ತು. ಜನರೇಟರಿನ ಹಾಜಿ ಶನ್ಶಲ್ ಎದೆಯ ಮೇಲೆ ಕೈಯಿಟ್ಟು ಹೇಳಿಬಿಟ್ಟಿದ್ದ: ಬೇಸಿಗೆ ಕಳೆಯುವವರೆಗೆ ಯಾರಿಗೂ ಹೆಚ್ಚು ಕೊಡಲಾರೆ, ಎಂಜಿನ್ ಸುಟ್ಟುಹೋಗುತ್ತದೆ.

"ಯಾವ ಆಟಕ್ಕೆ ಕಂಪ್ಯೂಟರು? ಗುಂಡು ಹಾರಿಸೋದಾ?"

"ಲಾರಿ ಓಡಿಸೋದು."

ಅಬೂ ತಬಾರಕ್ ಕನ್ನಡಕ ಹಣೆಗೇರಿಸಿ ಅವನ ಕೈಗಳನ್ನು ನೋಡಿದ. ಅವು ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಕೈಗಳೆಂದು ಯಾರಿಗೂ ಗೊತ್ತಾಗುವಂತಿತ್ತು.

ಉಮ್ಮ್ ಕಸ್ರ್ ಬಂದರಿನಿಂದ ಗೋಧಿಹಿಟ್ಟು, ಸಕ್ಕರೆ, ಟೈರು ಹೇರಿಕೊಂಡು ಉತ್ತರದ ಜಾಖೋ ಬೆಟ್ಟಗಳವರೆಗೆ ಹೋಗುತ್ತಿದ್ದವನು ನಿಬ್ರಾಸ್. ಈಗ ಮನೆಯಲ್ಲಿದ್ದ. ಅವನ ತಾಯಿ ಬದ್ರಿಯಾ ನಮ್ಮ ಮೊಹಲ್ಲೆಯ ಮುಲ್ಲಾಯ. ಮುಹರ್ರಮಿನ ದಿನಗಳಲ್ಲಿ ಹೆಂಗಸರ ಶೋಕಸಭೆಗಳಲ್ಲಿ ಪದ್ಯ ಹೇಳಿ ಅಳಿಸುತ್ತಿದ್ದವರು. ಅವರು ಸಾಲನ್ನು ಎತ್ತಿಕೊಂಡರೆ ಉಸಿರು ಕಡಿಯದೆ ಪ್ರಾಸದವರೆಗೆ ಒಯ್ಯುತ್ತಿದ್ದರು. ನಾವು ಆ ಪ್ರಾಸಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಆಮೇಲೆ ಶ್ವಾಸಕೋಶ ಗಟ್ಟಿಯಾಗುತ್ತ ಬಂತು. ಮೂಗಿಗೆ ನಳಿಕೆ ಬಂತು. ಕರೆಂಟು ಬದಲಾಗುವಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು, ಆಗ ಸಿಲಿಂಡರಿನ ಬಿಗಿಯಾದ ತಿರುಪನ್ನು ಯಾರಾದರೂ ತೆರೆಯಬೇಕಿತ್ತು. ಬದ್ರಿಯಾರ ಕೈಗೆ ಆ ಬಲವಿರಲಿಲ್ಲ. ಹಾಗಾಗಿ ನಿಬ್ರಾಸ್ ಲಾರಿಯ ಕೀಲಿಯನ್ನು ಮಾಲೀಕನಿಗೆ ಒಪ್ಪಿಸಿ ಬಂದ. ಅಕ್ಕ ಮಯಾದಾ ಮಕ್ಕಳನ್ನೂ ಅತ್ತೆಯನ್ನೂ ಬಿಟ್ಟು ಗುರುವಾರ ಬಂದು ಕೂತರೆ ಮಾತ್ರ ಅವನು ಬೀದಿಯ ತಿರುವು ದಾಟುತ್ತಿದ್ದ.

ಇವತ್ತು ಅಂಥ ಗುರುವಾರ.

"ಎರಡು ದಾರಿ," ಎಂದ ಅಬೂ ತಬಾರಕ್, ಗಾಜಿನ ಕಪಾಟಿನ ಮೇಲೆ ಎರಡು ಡಬ್ಬಿಗಳನ್ನಿಟ್ಟು. "ಈ ಪ್ರೊಸೆಸರ್ ಒಳಗೇ ಚಿತ್ರ ಬಿಡಿಸೋ ಶಕ್ತಿ ಇದೆ. ಬೇರೆ ಕಾರ್ಡ್ ಬೇಡ. ಕರೆಂಟು ಇರುವೆ ಕುಡಿದಷ್ಟು. ಆದ್ರೆ ರಸ್ತೆ ಅನ್ನೋದು ರಸ್ತೆ ಥರ ಕಾಣಲ್ಲ, ಬೂದಿ ಬಳಿದ ಹಾಗಿರುತ್ತೆ. ಈ ಇನ್ನೊಂದು ಇದೆಯಲ್ಲ, ಇದು ಅಗ್ಗ. ಯಾಕಂದ್ರೆ ಕುರುಡು. ಸ್ವಂತ ಚಿತ್ರ ಇಲ್ಲ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಉಳಿದ ದುಡ್ಡಲ್ಲಿ ಒಂದು ಬಳಸಿದ ಕಾರ್ಡ್ ಕೊಡ್ತೀನಿ. ಬೆಟ್ಟದ ಮೇಲಿನ ಹಿಮ ಎಣಿಸಬಹುದು."

"ಎರಡೂ ಮದರ್‌ಬೋರ್ಡಿಗೆ ಹೊಂದುತ್ತಾ?"

"ಒಂದೇ ಬೋರ್ಡು, ಒಂದೇ ಕುಳಿ. ಅದರ ಚಿಂತೆ ಬಿಡು."

"ಆಂಪಿಯರ್?"

"ಒಂದು... ಒಂದಕ್ಕೆ ಸ್ವಲ್ಪ ಮೇಲೆ. ಏರು ಹತ್ತುವಾಗ."

"ಸ್ವಲ್ಪ ಅಂದ್ರೆ?"

"ಹಬೀಬಿ, ಹೆಂಡತಿ ಉಪ್ಪು ಹಾಕೋವಾಗ ಅಳೆದು ಹಾಕ್ತಾಳಾ?"

ನಿಬ್ರಾಸ್ ಆ ಕಾರ್ಡನ್ನು ಕೈಗೆತ್ತಿಕೊಂಡ. ಎರಡು ಫ್ಯಾನುಗಳ ಭಾರದ ವಸ್ತು. ಅಂಗಡಿಯ ಪರದೆಯಲ್ಲಿ ಅಬೂ ತಬಾರಕ್ ಆಟ ಹಚ್ಚಿ ತೋರಿಸಿದ. ಬಸ್ರಾದ ಯಾರೋ ಪುಣ್ಯಾತ್ಮರು ನಮ್ಮ ದೇಶದ ಹೆದ್ದಾರಿಗಳನ್ನೇ ಬಿಡಿಸಿ ಅದಕ್ಕೆ ಸೇರಿಸಿದ್ದರು. ಚೆಕ್‌ಪೋಸ್ಟಿನ ಸಿಮೆಂಟು ಗೋಡೆಗಳು, ಅವುಗಳ ನೆರಳಿನಲ್ಲಿ ಚಹಾ ಮಾರುವವನ ಛತ್ರಿ, ಆಚೆಗೆ ಖರ್ಜೂರದ ಮರಗಳು. ನಿಬ್ರಾಸನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

"ಇದೇ ಇರಲಿ," ಎಂದ.

ಮನೆಗೆ ಬಂದು ಹಜಾರದ ಮೂಲೆಯಲ್ಲಿ ತಾಯಿಯ ಕೋಣೆಯ ಬಾಗಿಲಿಗೆ ಎದುರಾಗಿ ಜೋಡಿಸಿದ. ಮದರ್‌ಬೋರ್ಡಿಗೆ ಪ್ರೊಸೆಸರ್ ಕೂತಿತು, ಪ್ರೊಸೆಸರಿಗೆ ಫ್ಯಾನು ಕೂತಿತು, ಕಾರ್ಡು ತನ್ನ ಜಾಗಕ್ಕೆ ಕ್ಲಿಕ್ ಎಂದು ಹೋಯಿತು. ಒಂದಕ್ಕೊಂದು ಹೊಂದದ ತುಂಡು ಒಂದೂ ಇರಲಿಲ್ಲ. ಸರ್ಕಾರದ ಕರೆಂಟಿರುವಾಗ ಸೊಗಸಾಗಿ ಓಡಿತು. ಜನರೇಟರಿಗೆ ಬದಲಾದ ಮೇಲೆ ಹಚ್ಚಿದಾಗ ಲಾರಿ ಬಂದರಿನ ಗೇಟು ದಾಟುವಷ್ಟರಲ್ಲಿ ಬ್ರೇಕರ್ ಬಿತ್ತು. ಮನೆ ಕತ್ತಲಾಯಿತು. ಒಳಗಿನಿಂದ ಆಕ್ಸಿಜನ್ ಯಂತ್ರ ಕೂಗತೊಡಗಿತು. ನಿಬ್ರಾಸ್ ಓಡಿ ಸಿಲಿಂಡರ್ ತೆರೆದ, ನಳಿಕೆ ಬದಲಿಸಿದ, ತಾಯಿಯನ್ನು ಒಂಟಿಯಾಗಿ ಬಿಟ್ಟು ಬೀದಿಯ ಕಂಬದ ಪೆಟ್ಟಿಗೆಯವರೆಗೆ ಓಡಿ ಬ್ರೇಕರ್ ಎತ್ತಿದ. ಹಿಂದಿರುಗಿದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಸರ್ಕಾರಿ ಕರೆಂಟಲ್ಲಿ ಮಾತ್ರ ಇನ್ಮೇಲೆ," ಎಂದು ಗೋಡೆಗೆ ಹೇಳುವವನಂತೆ ಹೇಳಿದ.

ಆದರೆ ಬೇಸಿಗೆ ಏರಿದಂತೆ ಸರ್ಕಾರದ ಕರೆಂಟು ಬರುವುದೇ ಅಪರೂಪವಾಯಿತು. ಅವನು ಕಪ್ಪು ಪರದೆಯ ಮುಂದೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಎದ್ದು ಬಾಗಿಲವರೆಗೆ ಹೋಗುತ್ತಿದ್ದ, ಬೀದಿಯಲ್ಲಿ ಹಾರ್ನು ಕೇಳಿ ಯಾವ ಲಾರಿಯೆಂದು ಗುರುತಿಸುತ್ತಿದ್ದ, ಮರಳಿ ಬಂದು ಕೂರುತ್ತಿದ್ದ. ಬದ್ರಿಯಾ ಮಂಚದಿಂದ ಇದನ್ನೆಲ್ಲ ನೋಡುತ್ತಿದ್ದರು.

"ಯುಮ್ಮಾ," ಎಂದು ಕರೆದರು ಒಂದು ಮಧ್ಯಾಹ್ನ. ನಮ್ಮಲ್ಲಿ ಮಗ ತಾಯಿಯನ್ನು ಕರೆಯುವ ಹೆಸರಿನಿಂದಲೇ ತಾಯಿ ಮಗನನ್ನೂ ಕರೆಯುತ್ತಾಳೆ. "ಇನ್ನೊಂದು ಸಲ... ಹಚ್ಚಿ ನೋಡು."

"ಬೀಳುತ್ತೆ ಯುಮ್ಮಾ."

"ಬಿದ್ದಾಗ ನೋಡೋಣ. ನಾನು ಪ್ರವಾದಿ ಮೇಲೆ ಸಲವಾತ್ ಹೇಳ್ತೀನಿ. ನೀನು ಹಚ್ಚು."

"ಸಲವಾತಿಗೆ ಬ್ರೇಕರ್ ಹೆದರುತ್ತಾ?"

"ನಿಮ್ಮಪ್ಪನೇ ಹೆದರ್ತಿದ್ರು. ಬ್ರೇಕರ್ ಯಾವ ಲೆಕ್ಕ?"

ಅವನು ನಗುತ್ತ ಹಚ್ಚಿದ. ಕಾರ್ಡಿನ ಎರಡು ಫ್ಯಾನುಗಳೂ ಗೊರಗುಟ್ಟಿ ಎದ್ದವು. ಲಾರಿ ಗೇಟು ದಾಟಿತು, ಬಸ್ರಾ ದಾಟಿತು. ಬ್ರೇಕರ್ ಬೀಳಲಿಲ್ಲ. ದೇವರ ದಯೆ ಎಂದುಕೊಂಡ. ಹಾಜಿ ಶನ್ಶಲ್ ಸದ್ದಿಲ್ಲದೆ ತುಸು ಹೆಚ್ಚು ಕರೆಂಟು ಬಿಟ್ಟಿರಬೇಕು ಎಂದೂ ಅಂದುಕೊಂಡ. ಕಾರಣ ಹುಡುಕುವ ಮನಸ್ಸು ಅವನಿಗಿರಲಿಲ್ಲ.

ಅಂದಿನಿಂದ ಮಧ್ಯಾಹ್ನದ ನಮಾಜಿನ ನಂತರ ಒಂದು ಓಟ. ಕಿವಿಗೆ ಹೆಡ್‌ಫೋನ್ ಹಾಕುತ್ತಿರಲಿಲ್ಲ. ತಾಯಿಯೇ ಒಂದು ಏರ್ಪಾಡು ಹೇಳಿದ್ದರು. "ನಾನು ಪದ್ಯ ಹೇಳ್ತಿರ್ತೀನಿ. ದನಿ ಕೇಳ್ತಿದ್ರೆ ಚೆನ್ನಾಗಿದ್ದೀನಿ ಅಂತ ತಿಳ್ಕೋ. ಎದ್ದೆದ್ದು ಬಂದು ಮುಖ ನೋಡಬೇಡ, ನನಗೆ ನಾಚಿಕೆಯಾಗುತ್ತೆ." ಹಾಗಾಗಿ ಅವನು ಓಡಿಸುತ್ತಿದ್ದಾಗ ಬಾಗಿಲಿನಾಚೆಯಿಂದ ಹಳೆಯ ಶೋಕಪದ್ಯಗಳು ತುಂಡು ತುಂಡಾಗಿ ಬರುತ್ತಿದ್ದವು. ಒಂದು ಸಾಲಿಗೆ ಮೂರು ನಿಲುಗಡೆ. ಹಾಲು ಕುಡಿಯುವಾಗಿನಿಂದ ಕೇಳಿದ ಸಾಲುಗಳು. ಅವನ ತುಟಿ ತನಗೆ ತಿಳಿಯದೆ ಪ್ರಾಸವನ್ನು ಮುಂಚಿತವಾಗಿ ಮುಟ್ಟಿ ಕಾಯುತ್ತಿತ್ತು.

ಆ ದಿನ ಮೊಸುಲ್ ದಾಟಿದ. ಆಟದಲ್ಲಿ ಅಷ್ಟು ದೂರ ಬಂದದ್ದು ಅದೇ ಮೊದಲು. ರಸ್ತೆ ಏರತೊಡಗಿತು, ಕಂದು ಗುಡ್ಡಗಳ ಹಿಂದೆ ನೀಲಿ ಬೆಟ್ಟ ಕಾಣಿಸಿತು. ಗೇರು ಇಳಿಸಿದ. ಒಳಗೆ ತಾಯಿ ಒಂದು ಸಾಲನ್ನು ಎತ್ತಿಕೊಂಡರು. ಬಾಯಾರಿದ ಮಗುವಿನ ತಾಯಿ ಬರಿದಾದ ನೀರಿನ ಚೀಲವನ್ನು ನೋಡುವ ಸಾಲು. ಮೊದಲ ತುಂಡು ಬಂತು. ಎರಡನೆಯದು ಬಂತು. ಅವನ ತುಟಿ ಪ್ರಾಸದ ಮೇಲೆ ಕೂತು ಕಾಯಿತು.

ಪ್ರಾಸ ಬರಲಿಲ್ಲ.

ಲಾರಿ ತನ್ನಷ್ಟಕ್ಕೆ ಏರುತ್ತಿತ್ತು. ಅವನು ಕುರ್ಚಿ ಬೀಳಿಸಿ ಎದ್ದು ಓಡಿದ. ಬದ್ರಿಯಾ ದಿಂಬಿಗೆ ಒರಗಿದ್ದರು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಣ್ಣುಗಳು ಅರೆತೆರೆದಿದ್ದವು. ಮೂಗಿನ ನಳಿಕೆ ಸರಿಯಾಗಿಯೇ ಇತ್ತು. ಯಂತ್ರ ಮಾತ್ರ ಸತ್ತಂತಿತ್ತು. ಕರೆಂಟು ಹೋದರೆ ಕೂಗುವ ಯಂತ್ರ, ಕೈಯಾರೆ ಆರಿಸಿದರೆ ಕೂಗುವುದಿಲ್ಲ. ಅವನು ಮೊದಲು ಸಿಲಿಂಡರಿನ ತಿರುಪು ತೆರೆದ. ಹಜಾರಕ್ಕೆ ಓಡಿ ಕಂಪ್ಯೂಟರಿನ ವೈರು ಕಿತ್ತ, ಮರಳಿ ಬಂದು ಯಂತ್ರದ ಗುಂಡಿ ಒತ್ತಿದ. ಅದು ಬುಸ್ ಎಂದು ಉಸಿರೆಳೆದುಕೊಂಡಿತು. ತಾಯಿಯನ್ನು ಎದೆಗೆ ಒರಗಿಸಿ ಕೂರಿಸಿದ. ತುಂಬ ಹೊತ್ತಿನ ಮೇಲೆ ತುಟಿಯ ಬಣ್ಣ ತಿರುಗಿತು.

"ಯಾರು ಆರಿಸಿದ್ದು ಇದನ್ನ?"

"ಸದ್ದು ಯುಮ್ಮಾ... ಕಿವಿ ನೋಯುತ್ತೆ."

"ಸುಳ್ಳು ಹೇಳಬೇಡ. ದಿನಾ ಆರಿಸ್ತಿದ್ಯಾ? ಮೊದಲ ದಿನದಿಂದಾನೂ? ಅದಕ್ಕೇ ಬ್ರೇಕರ್ ಬೀಳ್ತಿರಲಿಲ್ವಾ?"

ಬದ್ರಿಯಾ ಸ್ವಲ್ಪ ಸುಧಾರಿಸಿಕೊಂಡು ಕೇಳಿದರು, "ಮೊಸುಲ್... ದಾಟಿದ್ಯಾ?"

ನಿಬ್ರಾಸ್ ಅವರ ಹೆಗಲಿಗೆ ಹಣೆಯಿಟ್ಟ. ಬಯ್ಯುವುದಕ್ಕೂ ಆಗಲಿಲ್ಲ, ಎದ್ದು ಹೋಗುವುದಕ್ಕೂ ಆಗಲಿಲ್ಲ. ಎದ್ದು ಎಲ್ಲಿಗೆ ಹೋಗುವುದು? ಇದ್ದದ್ದು ಎರಡೇ ಕೋಣೆ.

ಮುಂದಿನ ಗುರುವಾರ ಮಯಾದಾ ಬಂದೊಡನೆ ಕಾರ್ಡನ್ನೂ ಪ್ರೊಸೆಸರನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

"ಕೆಟ್ಟಿದ್ಯಾ?" ಎಂದ ಅಬೂ ತಬಾರಕ್.

"ಇಲ್ಲ. ಚೆನ್ನಾಗಿ ಓಡುತ್ತೆ."

"ಮತ್ತೆ ಯಾಕೆ ತಂದೆ? ನಮ್ಮ ಗ್ಯಾರಂಟಿ ಗೊತ್ತಲ್ಲ, ಅಂಗಡಿ ಬಾಗಿಲವರೆಗೆ."

"ಎಲ್ಲಾ ತುಂಡೂ ಒಂದಕ್ಕೊಂದು ಹೊಂದಿದಾವೆ. ನಮ್ಮ ಮನೆಗೆ ಹೊಂದಲ್ಲ." ಹೀಗೆಂದು ನಡೆದದ್ದನ್ನು ಹೇಳಿದ.

ಅಬೂ ತಬಾರಕ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನೇನೂ ದಾನಿಯಲ್ಲ. "ನಷ್ಟ ನಿನಗೇ ಆಗುತ್ತೆ. ಬಳಸಿದ್ದನ್ನ ಮತ್ತೆ ಬಳಸಿದ್ರೆ ನಾನು ಅರ್ಧಕ್ಕೇ ತಗೊಳ್ಳೋದು," ಎಂದ. ಆಮೇಲೆ ಒಳಗೇ ಚಿತ್ರ ಬಿಡಿಸುವ ಪ್ರೊಸೆಸರಿನ ಡಬ್ಬಿಯನ್ನು ಮುಂದೆ ಸರಿಸಿದ. "ತಾಯಿ ಮುಲ್ಲಾಯ ಅಂದ್ಯಲ್ಲ, ಶುಅಲಾದ ಬದ್ರಿಯಾನಾ?"

"ಹೌದು."

"ನಮ್ಮಮ್ಮ ಸತ್ತಾಗ ಬಂದಿದ್ರು," ಎಂದ. ಬೆಲೆಯನ್ನೇನೂ ಇಳಿಸಲಿಲ್ಲ.

ಸಂಜೆ ಮಯಾದಾ ಹೊರಟ ಮೇಲೆ ನಿಬ್ರಾಸ್ ಹೊಸ ಪ್ರೊಸೆಸರ್ ಕೂರಿಸಿದ. ಆಮೇಲೆ ಆಕ್ಸಿಜನ್ ಯಂತ್ರವನ್ನು ಮಂಚದ ತಲೆಯ ಕಡೆಯಿಂದ ಕಾಲಿನ ಕಡೆಗೆ, ತಾಯಿಯ ಕೈಗೆಟುಕದಷ್ಟು ದೂರಕ್ಕೆ ಎಳೆದ. ನಳಿಕೆ ಉದ್ದವಿತ್ತು, ಸಾಕಾಯಿತು.

ಬದ್ರಿಯಾ ನೋಡುತ್ತಲೇ ಇದ್ದರು. ಅವರ ಮುಖ ಗಟ್ಟಿಯಾಯಿತು. "ನನ್ನ ಕೈ ಕಟ್ಟಿಹಾಕ್ತೀಯಾ?"

"ಹೌದು."

"ಊರಿಗೆಲ್ಲಾ ಉಸಿರು ಹಂಚಿದೋಳು ನಾನು. ಸತ್ತ ಮನೆ, ಹೆತ್ತ ಮನೆ... ಒಂದೂ ಬಿಟ್ಟಿಲ್ಲ." ಮಾತು ನಿಲ್ಲಿಸಿ ಉಸಿರೆಳೆದುಕೊಂಡರು. "ನನ್ನ ಮಗನಿಗೆ... ದಿನಕ್ಕೆ ಒಂದು ಗಂಟೆ... ಕೊಡೋಕೆ ನನಗೆ ಹಕ್ಕಿಲ್ವಾ?"

"ಕೊಡೋಕೆ ನಿನಗೆ ಹಕ್ಕಿರಬಹುದು ಯುಮ್ಮಾ. ತಗೊಂಡು ನಾನು ಎಲ್ಲಿಗೆ ಓಡಿಸ್ಲಿ?"

"ನಾನಿಲ್ಲದಿದ್ರೆ ನೀನು ಜಾಖೋದಲ್ಲಿ ಇರ್ತಿದ್ದೆ. ನಿಜವಾದ ಜಾಖೋದಲ್ಲಿ."

ನಿಬ್ರಾಸ್ ಅದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ಹೊದಿಕೆ ಸರಿಮಾಡಿದ. ಬದ್ರಿಯಾ ಮುಖವನ್ನು ಗೋಡೆಗೆ ತಿರುಗಿಸಿದರು.

ಅವನು ಹಜಾರಕ್ಕೆ ಬಂದು ಹಚ್ಚಿದ. ಜನರೇಟರಿನ ತಂತಿಯೇ. ಬ್ರೇಕರ್ ಬೀಳಲಿಲ್ಲ. ಈ ಸಲ ಕಂಪ್ಯೂಟರ್ ಸದ್ದೇ ಮಾಡುತ್ತಿರಲಿಲ್ಲವಾದ್ದರಿಂದ ಒಳಗಿನ ಯಂತ್ರದ ಪ್ರತಿ ಉಸಿರೂ ಸ್ಪಷ್ಟವಾಗಿ ಕೇಳುತ್ತಿತ್ತು. ಪರದೆಯ ಮೇಲೆ ಬಂದರಿನ ಗೇಟು ಬಂತು. ಖರ್ಜೂರದ ಮರಗಳಿದ್ದ ಕಡೆ ಹಸಿರು ಚೌಕಗಳು. ರಸ್ತೆ ಬೂದಿಯ ಪಟ್ಟಿ. ಲಾರಿ ತಡೆತಡೆದು ಮುಂದೆ ಹೋಗುತ್ತಿತ್ತು. ಅವನು ಓಡಿಸಿದ. ಎರಡು ಕೈಯೂ ಕೀಬೋರ್ಡಿನ ಗುಂಡಿಗಳ ಮೇಲೆ, ಎರಡು ಕಿವಿಯೂ ಬಾಗಿಲಿನ ಕಡೆಗೆ.

ಇಂದು ಒಳಗಿನಿಂದ ಪದ್ಯ ಬರಲಿಲ್ಲ. ತಾಯಿ ಮುನಿಸಿಕೊಂಡಿದ್ದರು. ಬಹಳ ಹೊತ್ತಾದ ಮೇಲೆ ಗೋಡೆಯ ಕಡೆಯಿಂದಲೇ ಒಂದು ದನಿ ಬಂತು.

"ಎಲ್ಲಿದ್ದೀಯಾ?"

"ಬಸ್ರಾ ಬಿಟ್ಟೆ ಅಷ್ಟೇ."

"ಇಷ್ಟೊತ್ತಿಗಾ? ಕತ್ತೆ ಮೇಲೆ ಹೋಗಿದ್ರೆ ನಾಸಿರಿಯಾ ಬರ್ತಿತ್ತು."

"ಇದು ಕತ್ತೇನೇ ಯುಮ್ಮಾ."

ಬದ್ರಿಯಾ ನಕ್ಕರೋ ಕೆಮ್ಮಿದರೋ ಅವನಿಗೆ ತಿಳಿಯಲಿಲ್ಲ. ಲಾರಿಯನ್ನು ಬೂದಿಯ ಪಟ್ಟಿಯ ಅಂಚಿಗೆ ತಂದು, ಬ್ರೇಕು ಒತ್ತಿ, ಅದು ಯಾವುದೆಂದು ಖಾತ್ರಿಯಾಗುವವರೆಗೆ ಕಿವಿಗೊಟ್ಟು ಕೂತ.