ಅಕ್ಕನ ಏರುಗಳು

ದಾರಿ ಕೇಳುವುದಕ್ಕಿಂತ ದಾರಿ ತಪ್ಪುವುದೇ ವಾಸಿ ಎಂದು ನಂಬಿದ್ದ ಹುಡುಗಿ ಅವಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಇವಳಿಗೂ ಬಾಯಿ ಇತ್ತು, ಆದರೆ ಬೇಕಾದ ಹೊತ್ತಿಗೆ ಅದು ಮನೆಯಲ್ಲಿರುತ್ತಿರಲಿಲ್ಲ. ಹೋಟೆಲಿನಲ್ಲಿ ಚಹಾ ಕೇಳಿದ್ದಕ್ಕೆ ಕಾಫಿ ತಂದಿಟ್ಟರೆ ಕಾಫಿಯನ್ನೇ ಕುಡಿದು ಎದ್ದು ಬರುವವಳು. ಅಂಥವಳಿಗೆ ಓದು ಮುಗಿಸಿದ ಮೇಲೆ ಸಿಕ್ಕಿದ ಮೊದಲ ಕೆಲಸವೇ ಬಾಯಿಗೆ ಸಂಬಂಧಿಸಿದ್ದು: ಹಲ್ಲು ಕಟ್ಟುವ ಲ್ಯಾಬಿನಿಂದ ಊರಿನ ಕ್ಲಿನಿಕ್ಕುಗಳಿಗೆ ಹಲ್ಲಿನ ಸೆಟ್ಟುಗಳನ್ನು ಸೈಕಲ್ಲಿನಲ್ಲಿ ಮುಟ್ಟಿಸುವುದು.

ಸೈಕಲ್ಲು ಅಕ್ಕನದು. ಅವಳಿದ್ದ ಬಾಡಿಗೆ ಕೋಣೆಯೂ ಮೊದಲು ಅಕ್ಕನದೇ. ಅಕ್ಕ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವಳು, ಹೊಸ ತಂಡವೊಂದಕ್ಕೆ ತರಬೇತಿ ಕೊಡಲು ಬೇರೆ ಊರಿಗೆ ಹೋದಳು. ಹೋಗುವ ದಿನ ಕೋಣೆಯ ಬೀಗದ ಕೈ, ತನ್ನ ಹಳೆಯ ಸೈಕಲ್ಲು, ಅದರ ಹ್ಯಾಂಡಲಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರ, ಎಲ್ಲವನ್ನೂ ಒಂದೇ ಉಸಿರಿಗೆ ತಂಗಿಗೆ ಒಪ್ಪಿಸಿ ಬಸ್ಸು ಹತ್ತಿದಳು. ಯಂತ್ರ ಸಾಬೂನಿನ ಬಿಲ್ಲೆಯಷ್ಟಿತ್ತು. ಎದೆಗೊಂದು ಪಟ್ಟಿ ಕಟ್ಟಿಕೊಂಡರೆ ನಾಡಿ ಎಣಿಸುತ್ತಿತ್ತು. ಹೋಗಬೇಕಾದ ಜಾಗ ಹೇಳಿದರೆ ದಾರಿ ತೋರಿಸುತ್ತಿತ್ತು.

ಚಿಕ್ಕಂದಿನಿಂದ ಅಕ್ಕನ ಲಂಗವನ್ನು ಸೊಂಟಕ್ಕೆ ಪಿನ್ನು ಚುಚ್ಚಿ, ಅಕ್ಕನ ಬೂಟಿನ ತುದಿಗೆ ಹತ್ತಿ ತುರುಕಿ ಬೆಳೆದವಳಿಗೆ ಒಂದು ಪಾಠ ಮೈಗೂಡಿತ್ತು. ಮೇಲಿನವರಿಂದ ಇಳಿದು ಬಂದ ವಸ್ತುವನ್ನು ಪ್ರಶ್ನೆ ಕೇಳಬಾರದು. ಅದಕ್ಕೆ ನಾವು ಹೊಂದಿಕೊಳ್ಳಬೇಕು.

ಹೊಂದಿಕೊಂಡಳು. ಯಾರ ಮುಖವನ್ನೂ ನೋಡದೆ, "ಸ್ವಾಮಿ, ಈ ಅಡ್ರೆಸ್ಸು ಎಲ್ಲಿ?" ಎಂದು ಯಾರನ್ನೂ ತಡೆಯದೆ ಊರೆಲ್ಲ ಸುತ್ತುವ ಭಾಗ್ಯ ಅವಳಿಗೆ ಸ್ವರ್ಗವನ್ನೇ ಕೈಗಿಟ್ಟಂತಾಗಿತ್ತು. ಒಂದೇ ತೊಂದರೆ. ಎಲ್ಲಿಗೆ ಹೊರಟರೂ ದಾರಿಯಲ್ಲಿ ಏರು ಬರುತ್ತಿತ್ತು. ನೀರಿನ ಟ್ಯಾಂಕಿನ ದಿಬ್ಬ, ಆಸ್ಪತ್ರೆಯ ಹಿಂದಿನ ದಿಬ್ಬ, ಹೆಸರೇ ಇಲ್ಲದ ಇನ್ನೊಂದು ದಿಬ್ಬ. ಬೆನ್ನಿನ ಚೀಲದಲ್ಲಿ ಯಾರದೋ ನಗು ಪೆಟ್ಟಿಗೆಯೊಳಗೆ ಕಟಕಟ ಎನ್ನುತ್ತಿರುವಾಗ ಅವಳು ನಾಲಿಗೆ ಹೊರಚಾಚಿ ಪೆಡಲು ತುಳಿಯುತ್ತಿದ್ದಳು. ಸ್ವಲ್ಪ ನಿಧಾನ ಮಾಡಿದರೂ ಯಂತ್ರದೊಳಗಿನ ಹೆಂಗಸು ನಯವಾಗಿ ಹೇಳುತ್ತಿದ್ದಳು: "ನೀವು ನಿಮ್ಮ ಗುರಿಗಿಂತ ಕೆಳಗಿದ್ದೀರಿ."

ಅದು ನಾಡಿಯ ಮಾತು ಎಂದು ಅವಳಿಗೆ ತಿಳಿಯಲಿಲ್ಲ. ತನ್ನ ಬದುಕಿನ ಬಗ್ಗೆ ಹೇಳುತ್ತಿದೆ ಎಂದುಕೊಂಡು, ಮನಸ್ಸಿನಲ್ಲೇ ಒಪ್ಪಿಕೊಂಡು, ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಆದರೂ ತಡವಾಗುತ್ತಿತ್ತು. ಲ್ಯಾಬಿನ ಯಜಮಾನರು ಕೆಟ್ಟವರಲ್ಲ. ಆದರೆ ಹಲ್ಲಿನ ವ್ಯವಹಾರದಲ್ಲಿ ತಾಳ್ಮೆಗೆ ಜಾಗವಿಲ್ಲ ಎನ್ನುವವರು. ಒಂದು ಬೆಳಿಗ್ಗೆ ಅವಳನ್ನು ನಿಲ್ಲಿಸಿ ಕೇಳಿದರು.

"ಅಲ್ಲಮ್ಮ ಪಿಸು, ಕಾಲುವೆ ರಸ್ತೆಯಾಚೆಗಿನ ಡಾಕ್ಟರಮ್ಮನ ಕ್ಲಿನಿಕ್ಕು ಮೂಗಿನ ನೇರಕ್ಕೆ ಇದೆ. ನೀನು ಹೋಗಿ ಬರೋದ್ರೊಳಗೆ ಪೇಶೆಂಟಿಗೆ ಹೊಸ ಹಲ್ಲೇ ಹುಟ್ಟಿಬಿಡತ್ತಲ್ಲ?"

ಪಿಸು ಎಂಬುದು ಲ್ಯಾಬಿನವರು ಇಟ್ಟ ಹೆಸರು, ಅವಳ ಪಿಸುದನಿಗೆ. ಅವಳು ಏನೋ ಹೇಳಿದಳು. ಅದು ಹಲ್ಲು ಉಜ್ಜಿ ನಯ ಮಾಡುವ ಗ್ರೈಂಡರಿನ ಸದ್ದಿನಲ್ಲಿ ಮುಳುಗಿತು.

"ಮೋಟಾರ್ ಬೈಕಿನವನೊಬ್ಬ ಬಂದು ಕೇಳಿ ಹೋಗಿದ್ದಾನೆ. ಈ ವಾರ ನೋಡ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಮೂಲೆಯಲ್ಲಿ ಮೇಣದ ಒಸಡಿಗೆ ಹಲ್ಲು ಜೋಡಿಸುತ್ತಿದ್ದ ಹೆಂಗಸು, ಎಲ್ಲರ ಬಾಯಲ್ಲೂ ಅವಳು ಮೇಣದಕ್ಕ, ತಲೆ ಎತ್ತದೆಯೇ ಅಂದಳು: "ಬೈಕಿನವನ ಚೀಲದಲ್ಲಿ ಮೇಲ್ಗಡೆ ಸೆಟ್ಟು ಕೆಳಗಡೆ ಸೆಟ್ಟು ಜಗಳ ಆಡ್ಕೊಂಡು ಹೋಗ್ತವೆ, ನೋಡ್ತಿರಿ."

ಪಿಸು ಹೊರಗೆ ಬಂದು ಸೈಕಲ್ಲಿನ ಪಕ್ಕ ನಿಂತಳು. ಈ ಕೆಲಸ ಹೋದರೆ ಕೋಣೆ ಬಿಡಬೇಕು, ಅಮ್ಮನ ಮನೆಗೆ ವಾಪಸು. ಅಮ್ಮ ಬೈಯುವುದಿಲ್ಲ. "ನಿನಗೆ ಆಗಲ್ಲ ಅಂತ ನಂಗೊತ್ತಿತ್ತು ಪುಟ್ಟಿ, ಬಿಡು" ಎಂದು ತಲೆ ನೇವರಿಸುತ್ತಾಳೆ. ಆ ನೇವರಿಕೆಯನ್ನು ನೆನೆದವಳೇ ಸೈಕಲ್ಲು ಹತ್ತಿದಳು.

ಅಂದು ಸಂಜೆ ಅಕ್ಕನ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಏನೇ ಕಳ್ಳಿ, ನನ್ನ ಹೆಸರಲ್ಲಿ ಟ್ಯಾಂಕಿನ ದಿಬ್ಬ ಹತ್ತುತ್ತಿರೋದು ಯಾರು?"

"ಯಾರು?"

"ನೀನೇ! ಆ ಯಂತ್ರ ಇನ್ನೂ ನನ್ನ ಖಾತೇಲೇ ಇದೆ. ನೀನು ಹತ್ತಿದ್ದೆಲ್ಲ ನನ್ನ ಹೆಸರಲ್ಲಿ ಎಲ್ಲರ ಫೋನಲ್ಲೂ ಬರತ್ತೆ. ಇಲ್ಲಿ ನನ್ನ ತಂಡದವರೆಲ್ಲ, 'ಮೇಡಂ, ಇಲ್ಲಿ ಕುರ್ಚಿ ಮೇಲೆ ಕೂತ್ಕೊಂಡೇ ಅಲ್ಲಿ ದಿಬ್ಬ ಹೇಗೆ ಹತ್ತೀರಿ' ಅಂತ ಕೇಳ್ತಿದ್ದಾರೆ. ದಿನಾ ಯಾಕೆ ಆ ಕಡೆ ಹೋಗ್ತೀಯ? ನಿನ್ನ ಕೆಲಸ ಇರೋದು ಊರಿನ ಸಪಾಟು ಭಾಗದಲ್ಲಲ್ವಾ?"

"ಯಂತ್ರ ಹಾಗೇ ತೋರಿಸತ್ತೆ."

ಅಕ್ಕ ನಕ್ಕಳು. ಬಿಕ್ಕಳಿಕೆ ಬರುವ ತನಕ ನಕ್ಕಳು.

"ಅಯ್ಯೋ ದೇವರೇ. ಅದು ನನ್ನ ಅಭ್ಯಾಸಕ್ಕೆ ಇಟ್ಟಿದ್ದು ಕಣೇ! ಎಲ್ಲಿಗೆ ಹೋಗ್ಬೇಕಾದ್ರೂ ಏರು ಹುಡುಕ್ಕೊಂಡು ಕರ್ಕೊಂಡು ಹೋಗು ಅಂತ ನಾನೇ ಹೇಳಿಟ್ಟಿದ್ದೆ. ನಿಂಗೆ ಹೇಳೋದು ಮರ್ತೇ ಹೋಯ್ತು. ನೀನಾದ್ರೂ ಒಂದು ಮಾತು ಕೇಳಬಾರ್ದಾ?"

"ನಾನು ಊರೇ ಹಾಗಿದೆ ಅಂದ್ಕೊಂಡೆ."

ಅಕ್ಕನಿಗೆ ಮತ್ತೆ ಬಿಕ್ಕಳಿಕೆ. ತಂಗಿಗೆ ನಗು ಬರಲಿಲ್ಲ. ಇಷ್ಟು ದಿನ ಬೆವರು ಸುರಿಸಿದ್ದು, ಬೈಸಿಕೊಂಡದ್ದು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತಲ್ಲ ಎನಿಸಿತು. ಅಕ್ಕನೇ ಹೇಳಿ ಹೇಳಿ ಯಂತ್ರದ ಸೆಟ್ಟಿಂಗನ್ನು ಬದಲಾಯಿಸಿದಳು: ಹೊಸ ಖಾತೆ, ವಯಸ್ಸು, ತೂಕ, ದಾರಿ ಸಪಾಟು. ಕೊನೆಗೆ ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿತು. ನಿಮ್ಮ ಗುರಿ?

"ಏನು ಹಾಕ್ಲಿ ಅಕ್ಕ?"

"ಅದನ್ನ ನಾನು ಹೇಳಕ್ಕಾಗತ್ತೇನೇ ಪೆದ್ದಿ? ನಿಂದು, ನೀನೇ ಹಾಕು." ಫೋನು ಇಡುವ ಮೊದಲು ಅಕ್ಕ ದನಿ ಇಳಿಸಿದಳು. "ಒಂದು ವಿಷಯ. ಆ ಟ್ಯಾಂಕಿನ ದಿಬ್ಬಾನ ಎಲ್ಲರಿಗಿಂತ ಬೇಗ ಹತ್ತಿದ ದಾಖಲೆ ನಂದು. ನೀನು ಬೆನ್ನಿಗೆ ಚೀಲ ಹಾಕ್ಕೊಂಡು ಹೆಚ್ಚುಕಮ್ಮಿ ಅದರ ಹತ್ರ ಬಂದಿದ್ದೀಯ. ಗೊತ್ತಾ?"

ಗೊತ್ತಿರಲಿಲ್ಲ. ಗುರಿಯ ಜಾಗವನ್ನು ಖಾಲಿ ಬಿಟ್ಟು ಮಲಗಿದಳು.

ಮರುದಿನದಿಂದ ಬದುಕು ಸಪಾಟಾಯಿತು. ಕಾಲುವೆಯ ಗುಂಟ ನೇರ ರಸ್ತೆ, ನೆರಳು, ಎರಡೂ ಬದಿಗೆ ಅಂಗಡಿ. ಎಷ್ಟು ಬೇಗ ಮುಟ್ಟುತ್ತಿದ್ದಳೆಂದರೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತು ಕಾಯಬೇಕಿತ್ತು. ಯಜಮಾನರು ಹುಬ್ಬೇರಿಸಿದರು, ಆದರೆ ಬೈಕಿನವನ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. "ನಾಲ್ಕು ದಿನದ ಚೆಂದ ನೋಡಿ ತೀರ್ಮಾನ ಮಾಡಕ್ಕಾಗತ್ತೇನಮ್ಮ?" ಎಂದರು. ಅವಳಿಗೋ, ಕಾಲಿನಲ್ಲಿ ಏನೋ ಒಂದು ಕೆಲಸವಿಲ್ಲದೆ ಕುಳಿತು ಆಕಳಿಸಿದಂತಾಗುತ್ತಿತ್ತು. ಯಂತ್ರದ ಹೆಂಗಸೂ ಗುರಿಯ ಮಾತೆತ್ತುತ್ತಿರಲಿಲ್ಲ.

ವಾರದ ಕೊನೆಯ ದಿನ ಮೇಣದಕ್ಕ ಒಂದು ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟಳು. "ನೋಡು, ಇದು ಹೆಡ್‌ಮಿಸ್ಟ್ರೆಸ್ ಅಜ್ಜೀದು. ನೆನ್ನೆ ತೊಳೆಯೋವಾಗ ಕೈಜಾರಿ ಎರಡು ಹೋಳಾಗಿತ್ತು, ಕೂಡಿಸಿ ಕೊಟ್ಟಿದ್ದೀನಿ. ಇವತ್ತು ಮಧ್ಯಾಹ್ನ ಅಜ್ಜಿಯ ಹಳೇ ಶಿಷ್ಯರೆಲ್ಲ ಸೇರ್ತಿದ್ದಾರಂತೆ. ಅಜ್ಜಿ ಭಾಷಣ ಮಾಡ್ಬೇಕು. ಬೆಳಿಗ್ಗೆಯಿಂದ ಡಾಕ್ಟರಮ್ಮನ ಹತ್ರ ಬಾಯಿಗೆ ಕರ್ಚೀಫು ಅಡ್ಡ ಹಿಡ್ಕೊಂಡು ಕೂತಿದ್ದಾರೆ."

ಯಜಮಾನರು ಗಡಿಯಾರ ನೋಡಿದರು, ಅವಳನ್ನು ನೋಡಿದರು. "ಇದೊಂದು ಸರಿಯಾಗಿ ಮುಟ್ಟಿಸು. ಮಿಕ್ಕಿದ್ದು ಆಮೇಲೆ ಮಾತಾಡೋಣ."

ಕಾಲುವೆ ರಸ್ತೆಗೆ ತಿರುಗಿದ್ದೇ ತಡ, ಅವಳು ಬ್ರೇಕು ಹಿಡಿದಳು. ನೆಲದಡಿಯ ದೊಡ್ಡ ನೀರಿನ ಪೈಪು ಒಡೆದು ರಸ್ತೆಯ ನಡುವೆ ಹೊಂಡ ಬಿದ್ದಿತ್ತು. ಅಡ್ಡಗಟ್ಟೆ ಹಾಕಿದ್ದರು. ಬಸ್ಸು, ಕಾರು, ಬೈಕು ಎಲ್ಲವೂ ಹಾರ್ನ್ ಬಾರಿಸುತ್ತ ನಿಂತಿದ್ದವು. ಬೈಕಿಗೂ ಜಾಗವಿಲ್ಲ, ಬೆಕ್ಕಿಗೂ ಜಾಗವಿಲ್ಲ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಹೊಸ ದಾರಿ ಬರೆಯಿತು. ಸಪಾಟು ದಾರಿ ಎಂದು ಹೇಳಿಟ್ಟದ್ದಕ್ಕೆ ಅದು ಪಾಪ ಇಡೀ ಊರನ್ನು ಒಂದು ಸುತ್ತು ಹಾಕಿಸಲು ಸಿದ್ಧವಾಗಿತ್ತು. ಆ ದಾರಿಯಲ್ಲಿ ಹೋದರೆ ಅಜ್ಜಿಗೆ ಹಲ್ಲು ಸಿಗುವಷ್ಟರಲ್ಲಿ ಶಿಷ್ಯರು ಮನೆಗೆ ಹೋಗಿರುತ್ತಾರೆ.

ಅವಳು ಬಲಕ್ಕೆ ನೋಡಿದಳು. ಮನೆಗಳ ಸಾಲಿನ ಮೇಲೆ ನೀರಿನ ಟ್ಯಾಂಕಿನ ಬಿಳಿ ತಲೆ ಕಾಣುತ್ತಿತ್ತು. ಅದರ ಆಚೆ ಬದಿಗೆ ಇಳಿದರೆ ಡಾಕ್ಟರಮ್ಮನ ಕ್ಲಿನಿಕ್ಕು. ಆ ದಾರಿ ಅವಳ ಕಾಲಿಗೆ ಗೊತ್ತು. ಮೊದಲ ತಿರುವಿನಲ್ಲಿ ಗೇರು ಇಳಿಸಬೇಕು, ದರ್ಜಿ ಅಂಗಡಿಯ ಮುಂದೆ ಸೀಟಿನಿಂದ ಏಳಬೇಕು, ನೀಲಿ ಗೇಟಿನ ಹತ್ತಿರ ಉಸಿರು ಬಿಡಬಹುದು.

"ಹಿಂತಿರುಗಿ," ಎಂದಿತು ಯಂತ್ರ.

"ಸುಮ್ನಿರು," ಎಂದಳು ಅವಳು. ಹುಟ್ಟಿದಂದಿನಿಂದ ಯಾರಿಗೂ ಹೇಳದ ಮಾತು. ಹೇಳಿ ತಾನೇ ಬೆಚ್ಚಿದಳು.

ಏರು ಶುರುವಾಯಿತು. ಕಾಲು ತಾನಾಗಿಯೇ ತುಳಿಯುತ್ತಿತ್ತು, ಹಸಿದವನಿಗೆ ಎಲೆ ಹಾಕಿದ ಹಾಗೆ. ಗೇರು, ದರ್ಜಿ, ನೀಲಿ ಗೇಟು. ಕೊನೆಯ ಓಣಿಗೆ ತಿರುಗಿದರೆ ಓಣಿಯೇ ಇಲ್ಲ! ಯಾರೋ ಮನೆ ಬದಲಾಯಿಸುತ್ತಿದ್ದರು. ಆನೆಯಂಥ ಬಟ್ಟೆಯ ಬೀರು ಎರಡು ಗೋಡೆಗಳ ನಡುವೆ ಓರೆಯಾಗಿ ಸಿಕ್ಕಿಕೊಂಡಿತ್ತು. ಈಚೆಗೆ ಇಬ್ಬರು, ಆಚೆಗೆ ಇಬ್ಬರು ನಿಂತು ಬೀರುವನ್ನು ಬಿಟ್ಟು ಒಬ್ಬರನ್ನೊಬ್ಬರು ತಳ್ಳುವ ಮಾತಾಡುತ್ತಿದ್ದರು.

"ನಾನು ಮೊದ್ಲೇ ಹೇಳ್ದೆ, ಬಾಗಿಲು ಬಿಚ್ಚಿ ಅಂತ!"

"ನೀನು ಹೇಳಿದ್ದು ಬೀರು ತಗೋಬೇಡಿ ಅಂತ!"

ಅವಳು ಹಿಂದೆ ನಿಂತಳು. ಯಾರಾದರೂ ನೋಡುತ್ತಾರೆ, ತಾವಾಗಿಯೇ ಸರಿಯುತ್ತಾರೆ ಎಂದು ಕಾಯುವುದು ಅವಳ ಹಳೆಯ ಅಭ್ಯಾಸ. ಯಾರೂ ನೋಡಲಿಲ್ಲ. ಬೆನ್ನಿನ ಮೇಲೆ ಅಜ್ಜಿಯ ಹಲ್ಲು ಕಟ್ ಎಂದಿತು. ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಕೂತ ಆ ಮುದುಕಿ ಕಣ್ಣಿಗೆ ಕಟ್ಟಿದಳು. ಹೇಳಲು ಮಾತಿದೆ, ಹೇಳಲಾಗುತ್ತಿಲ್ಲ. ಆ ಸಂಕಟ ಇವಳಿಗೆ ಗೊತ್ತಿರುವಷ್ಟು ಊರಲ್ಲಿ ಇನ್ಯಾರಿಗೆ ಗೊತ್ತು? ಸೈಕಲ್ಲಿನ ಗಂಟೆಗೆ ಕೈ ಹೋಯಿತು. ಟ್ರಿಣ್ ಟ್ರಿಣ್ ಎಂದು ಬಾರಿಸಿಯೇಬಿಟ್ಟಳು.

"ದಾರಿ ಬಿಡಿ! ಹಲ್ಲಿದೆ!"

ಈಚೆಯ ಇಬ್ಬರು ತಿರುಗಿದರು. ಮೀಸೆಯವನು ಅಂದ: "ಹಲ್ಲು ನಮಗೂ ಇದೆಯಮ್ಮ. ದಾರಿ ಇಲ್ಲ."

"ನಂದಲ್ಲ, ಅಜ್ಜೀದು! ಚೀಲದಲ್ಲಿದೆ! ಅಜ್ಜಿ ಭಾಷಣ ಮಾಡ್ಬೇಕು, ಬಾಯಲ್ಲಿ ಹಲ್ಲಿಲ್ಲ, ಕೆಳಗಡೆ ರಸ್ತೆ ಇಲ್ಲ, ನಾನು ಹೋಗ್ಲೇಬೇಕು!"

ಬೀರುವಿನ ಆಚೆಯಿಂದ ಹೆಂಗಸಿನ ದನಿ ಬಂತು: "ರೀ, ನಿಂತ್ಕೊಂಡು ಏನ್ ನೋಡ್ತೀರಿ? ಸೈಕಲ್ ಎತ್ತಿ ಮೇಲಿಂದ ಕೊಡಿ. ಬೀರೂನಂತೂ ಎತ್ತಕ್ಕಾಗ್ಲಿಲ್ಲ, ಸೈಕಲ್ಲಾದ್ರೂ ಎತ್ತಿ!"

ಸೈಕಲ್ಲು ಬೀರುವಿನ ತಲೆಯ ಮೇಲೆ ಸವಾರಿ ಹೊರಟಿತು. ಅವಳು ಚೀಲವನ್ನು ಎದೆಗವಚಿಕೊಂಡು ಗೋಡೆ ಮತ್ತು ಬೀರುವಿನ ಸಂದಿಯಲ್ಲಿ ನುಸುಳಿದಳು. ಆಚೆಗೆ ಇಳಿಜಾರು. ಗಾಳಿ ಕಿವಿಯಲ್ಲಿ ಹಾಡಿತು.

ಕ್ಲಿನಿಕ್ಕಿನಲ್ಲಿ ಅಜ್ಜಿ ನೆಟ್ಟಗೆ ಕೂತಿದ್ದರು, ಕರ್ಚೀಫು ಬಾಯಿಗೆ ಅಡ್ಡ. ಡಾಕ್ಟರಮ್ಮ ಪೆಟ್ಟಿಗೆ ಇಸಿದುಕೊಂಡು ಅಜ್ಜಿಯನ್ನು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಅಜ್ಜಿ ಹೊರಗೆ ಬಂದು ಕನ್ನಡಿಯಲ್ಲಿ ಒಮ್ಮೆ ಕಟಕ್ಕೆಂದು ಕಚ್ಚಿ ನೋಡಿಕೊಂಡರು.

"ಅಬ್ಬ! ಬೆಳಿಗ್ಗೆಯಿಂದ ಬಾಯೊಳಗೆ ಕೂಡಿಟ್ಟ ಮಾತು ಒಂದು ಮೂಟೆ ಆಗಿತ್ತು. ಇಷ್ಟೊಂದು ಬೆವರು ಯಾಕೆ ಮಗಳೇ?"

"ದಿಬ್ಬ ಹತ್ತಿ ಬಂದೆ," ಎಂದಳು ಪಿಸು.

"ಜೋರಾಗಿ ಹೇಳು. ಹಲ್ಲು ಬಂತು, ಕಿವಿ ಇನ್ನೂ ಬಂದಿಲ್ಲ."

"ದಿಬ್ಬ ಹತ್ತಿ ಬಂದೆ ಅಜ್ಜೀ! ರಸ್ತೆ ಒಡೆದು ಹೋಗಿತ್ತು!"

ಕಾಯುತ್ತಿದ್ದ ರೋಗಿಗಳೆಲ್ಲ ಅವಳ ಕಡೆ ನೋಡಿದರು. ಭೂಮಿ ಬಾಯಿ ಬಿಡಲಿಲ್ಲ. ಅಜ್ಜಿ ಹೊಸದಾಗಿ ಸಿಕ್ಕ ಹಲ್ಲನ್ನೆಲ್ಲ ತೋರಿಸಿ ನಕ್ಕರು, ಅಷ್ಟೇ.

ಲ್ಯಾಬಿಗೆ ಮರಳಿದಾಗ ಡಾಕ್ಟರಮ್ಮನ ಫೋನು ಮೊದಲೇ ಬಂದಿತ್ತು. ಯಜಮಾನರು ಕನ್ನಡಕ ಒರೆಸುತ್ತ ಹೇಳಿದರು: "ಬೈಕಿನವನನ್ನ ಬೆಳಿಗ್ಗೆ ಪರೀಕ್ಷೆಗೆ ಅಂತ ಕಳಿಸಿದ್ದೆ. ಇನ್ನೂ ಕಾಲುವೆ ರಸ್ತೇಲೇ ನಿಂತಿದ್ದಾನೆ. ಅವನಿಗೆ ದೂರದ ಕ್ಲಿನಿಕ್ಕು ಕೊಡ್ತೀನಿ. ಊರೊಳಗಿಂದು ನಿಂದೇ. ಸರೀನಾ?"

"ಸರಿ," ಎಂದಳು ಅವಳು. ಗ್ರೈಂಡರು ಓಡುತ್ತಿತ್ತು. ಆದರೂ ಕೇಳಿಸಿತು. ಮೇಣದಕ್ಕ ತಲೆ ಎತ್ತಿ ನೋಡಿದಳು.

ಸಂಜೆ ಕೋಣೆಯ ಮೆಟ್ಟಿಲ ಮೇಲೆ ಕೂತು ಯಂತ್ರದ ಪರದೆ ಒರೆಸಿದಳು. ಗುರಿಯ ಪ್ರಶ್ನೆ ಇನ್ನೂ ಅಲ್ಲೇ ಇತ್ತು. ಕೆಲಸದ ಹೊತ್ತಿಗೆ ಸಪಾಟೇ ಇರಲಿ ಎಂದು ಬಿಟ್ಟಳು. ಕೆಲಸ ಮುಗಿದ ಮೇಲಿನ ದಾರಿಗೆ ಏರು ಎಂದು ಹಾಕಿ, ಗುರಿಯ ಜಾಗವನ್ನೂ ತುಂಬಿದಳು. ಆಮೇಲೆ, ಅಕ್ಕನೇ ಮಾಡಲಿ ಎಂದು ಕಾಯದೆ, ತಾನೇ ಫೋನು ಮಾಡಿದಳು.

"ಏನೇ, ನೀನಾಗಿ ಫೋನ್ ಮಾಡಿದ್ದೀಯ! ಎಲ್ಲ ಕ್ಷೇಮ ತಾನೇ?"

"ಕ್ಷೇಮ. ಅಕ್ಕಾ, ಆ ಟ್ಯಾಂಕಿನ ದಿಬ್ಬದ ದಾಖಲೆ ಇನ್ನೂ ನಿನ್ನ ಹೆಸರಲ್ಲೇ ಇದೆಯಾ?"

"ಇದೆ. ಯಾಕೆ?"

"ಇರೋ ತನಕ ಕಣ್ತುಂಬ ನೋಡ್ಕೊಂಡಿರು," ಎಂದಳು ತಂಗಿ.