ಪಾರಿವಾಳಗಳ ಸಾಕ್ಷಿ

ಮನೆಯವರು ಆಕೆಗೆ ಇಟ್ಟಿದ್ದ ಹೆಸರು ಬೊಗಳೆ ರಾಣಿ. ಏಳು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ತೋಟ ದಾಟಿ ಕಡಲತೀರಕ್ಕೆ ಓಡಿದ್ದಳು. ಬಾಯಾರಿಕೆ ತಾಳಲಾರದೆ ಮರಳಲ್ಲಿ ಉಕ್ಕುತ್ತಿದ್ದ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಳು. ಸಿಹಿನೀರು! ಮನೆಗೆ ಓಡಿಬಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ಸಂಜೆ ಹನ್ನೆರಡು ವರ್ಷದ ಅಣ್ಣ ಅದೇ ಜಾಗಕ್ಕೆ ಹೋಗಿ, ಅಲೆಗೆ ಬಾಯಿಟ್ಟು, ಥೂ ಎಂದು ಉಗುಳಿ ಬಂದ. "ಉಪ್ಪು! ಬರೀ ಬೊಗಳೆ!" ಅಲ್ಲಿಗೆ ಅವಳ ಮಾತಿನ ಬೆಲೆ ಮಣ್ಣುಪಾಲಾಯಿತು. ಮುಂದೆ ಜ್ವರ ಅಂದರೂ ಮೊದಲು ಥರ್ಮಾಮೀಟರು, ಆಮೇಲೆ ನಂಬಿಕೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದಳು, ಅವಳ ಒಂದು ಮಾತಿಗೆ ಡಾಕ್ಟರುಗಳೇ ಎದ್ದುಬಿದ್ದು ಓಡಿಬರುತ್ತಿದ್ದರು. ಮನೆಯಲ್ಲಿ ಮಾತ್ರ ಬೊಗಳೆ ರಾಣಿಗೆ ಬಡ್ತಿ ಸಿಗಲಿಲ್ಲ.

ಐವತ್ತೆಂಟು ವರ್ಷಗಳಾದ ಮೇಲೆ ಅಣ್ಣನನ್ನು ಹಟ ಹಿಡಿದು ಅಲ್ಲಿಗೇ ಎಳೆದುಕೊಂಡು ಬಂದಳು. ಅಪ್ಪನ ತೋಟದ ಎಸ್ಟೇಟು ಕೈಬಿಟ್ಟುಹೋಗಿ ಈಗ ಪಕ್ಷಿಧಾಮವಾಗಿತ್ತು, ಅಮ್ಮನ ಉಗ್ರಾಣ ಟಿಕೆಟ್ ಕೌಂಟರಾಗಿತ್ತು.

"ನಮ್ಮನೆ ಉಗ್ರಾಣಕ್ಕೆ ನಾನೇ ಕ್ಯೂ ನಿಲ್ಬೇಕಾ?" ಅಣ್ಣ ಗೊಣಗಿದ. ಆತ ವಿಜ್ಞಾನದ ನಿವೃತ್ತ ಮೇಷ್ಟ್ರು. ಗೊಣಗುವುದರಿಂದ ಮಾತ್ರ ಇನ್ನೂ ನಿವೃತ್ತನಾಗಿರಲಿಲ್ಲ.

"ಚಿಕ್ಕೋನಿದ್ದಾಗ ಬೆಲ್ಲ ಕದಿಯೋಕೆ ಕ್ಯೂ ಇರ್ಲಿಲ್ಲ ಅಲ್ವಾ" ಎಂದಳು.

ಅವಳಿಗೆ ಬೇಕಿದ್ದುದು ಇಷ್ಟೆ: ಅಣ್ಣ ಆ ನೀರು ಕುಡಿಯಬೇಕು, ತನ್ನ ಬಾಯಲ್ಲೇ ತಪ್ಪಾಯ್ತು ಅನ್ನಬೇಕು. ಅದಕ್ಕೆಂದೇ ಚೀಲದಲ್ಲಿ ಸ್ಟೀಲ್ ಲೋಟ ಇಟ್ಟುಕೊಂಡು ಬಂದಿದ್ದಳು. ಆದರೆ ತೀರದ ಹತ್ತಿರ ಹಗ್ಗ ಕಟ್ಟಿತ್ತು. ಹಗ್ಗದ ಪಕ್ಕ ಖಾಕಿ ತೊಟ್ಟ ಕಾವಲಿನ ಹುಡುಗಿ ನಿಂತಿದ್ದಳು.

"ಮುಂದೆ ಹೋಗೋ ಹಾಗಿಲ್ಲಮ್ಮ. ಮರಳಲ್ಲಿ ಹಕ್ಕಿಗಳು ಮೊಟ್ಟೆ ಇಟ್ಟಿವೆ. ಗಟ್ಟಿಯಾಗಿ ಮಾತಾಡೋ ಹಾಗೂ ಇಲ್ಲ."

"ಇದು ನಮ್ಮಪ್ಪನ ಜಾಗ ಕಣಮ್ಮಾ" ಎಂದ ಅಣ್ಣ ಎದೆ ಸೆಟೆಸಿ.

"ಇರ್ಬೋದು ಸರ್. ಈಗ ಅವುಗಳಪ್ಪನ ಜಾಗ."

ತಂಗಿಯ ಮುಖ ಬಾಡಿತು. ಲೋಟ ಚೀಲದಲ್ಲೇ ಉಳಿಯಿತು. ಪಾಪ ಅನ್ನಿಸಿತೋ ಏನೋ, ಹುಡುಗಿ ತನ್ನ ದುರ್ಬೀನು ಅಣ್ಣನ ಕೈಗಿಟ್ಟಳು. ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿದ್ದ ಅಣ್ಣನಿಗೆ ಎಲ್ಲವನ್ನೂ ನೋಡುವ ಹುಚ್ಚು. ಒಂದಷ್ಟು ಹೊತ್ತು ಏಡಿ ನೋಡಿದ, ದೋಣಿ ನೋಡಿದ. ಇದ್ದಕ್ಕಿದ್ದಂತೆ ದುರ್ಬೀನನ್ನು ಒಂದೇ ಕಡೆಗೆ ಹಿಡಿದ.

"ಪಾರಿವಾಳ" ಎಂದ.

"ಇದ್ರೆ ಇರ್ಲಿ ಬಿಡು."

"ಸಾಲಾಗಿ ಬಂದು ಮರಳಲ್ಲಿ ನೀರು ಕುಡೀತಿವೆ ಕಣೇ. ಪಾರಿವಾಳ ಉಪ್ಪುನೀರು ಕುಡಿಯಲ್ಲ. ನಾನೇ ಮಕ್ಕಳಿಗೆ ಪಾಠ ಮಾಡಿದ್ದೀನಿ..." ದುರ್ಬೀನು ಕೆಳಗಿಳಿಯಿತು. "ಅಂದ್ರೆ ಅಲ್ಲಿ ಇರೋದು..."

"ಸಿಹಿನೀರು ಸರ್" ಎಂದಳು ಕಾವಲಿನ ಹುಡುಗಿ. "ಮರಳೊಳಗಿಂದ ಉಕ್ಕುತ್ತೆ. ಸಮುದ್ರ ಇಳಿದಿರುವಾಗ ಮಾತ್ರ ಕಾಣೋದು. ಉಬ್ಬರ ಬಂತೋ, ಮುಚ್ಚಿಹೋಗುತ್ತೆ."

ಅಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. ತಂಗಿ ಹೋದದ್ದು ಮಧ್ಯಾಹ್ನ, ತಾನು ಹೋದದ್ದು ಸಂಜೆ. ಉಬ್ಬರ ಇಳಿತದ ಪಾಠವನ್ನು ಎಷ್ಟೋ ತರಗತಿಗಳಿಗೆ ಮಾಡಿದ ಮೇಷ್ಟ್ರಿಗೆ ಆ ಒಂದು ಸಂಜೆಯ ಉಬ್ಬರ ಮಾತ್ರ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು.

ಬೊಗಳೆ ರಾಣಿಗೆ ಕುಣಿಯಬೇಕೆನ್ನಿಸಿತು. ಮೊಣಕಾಲು ಒಪ್ಪಲಿಲ್ಲ, ಹಾಗಾಗಿ ನಿಂತಲ್ಲೇ ಎರಡು ಸಲ ಚಪ್ಪಲಿ ಕುಟ್ಟಿದಳು.

"ಹೇಳು ಈಗ" ಎಂದಳು.

ಅಣ್ಣ ಬಾಯಿ ತೆರೆದ. ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಬಾಗಿ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದ. "ನೀನು ಹೇಳಿದ್ದೇ ನಿಜ ಪುಟ್ಟಿ. ತಪ್ಪು ನಂದು."

ಪುಟ್ಟಿ! ಆ ಹೆಸರು ಕೇಳಿ ಐವತ್ತೆಂಟು ವರ್ಷಗಳಾಗಿದ್ದವು. ಅವಳ ಕಣ್ಣು ತುಂಬಿ ಬಂತು. ಆದರೂ ಕಿವಿಗೆ ಕೈ ಅಡ್ಡ ಹಿಡಿದು ಎಂದಳು, "ಕೇಳಿಸ್ಲಿಲ್ಲಣ್ಣ. ಇನ್ನೊಂದ್ಸಲ ಹೇಳು."

ಅಣ್ಣ ಮತ್ತೆ ಹೇಳಿದ. ಆಗಲೂ ಕೇಳಿಸಲಿಲ್ಲವಂತೆ. ಮೂರನೇ ಸಲವೂ ಹೇಳಿದ. ಎರಡು ಹೆಜ್ಜೆ ಆಚೆ ನಿಂತಿದ್ದ ಕಾವಲಿನ ಹುಡುಗಿಗೆ ಮಾತ್ರ ಮೂರು ಸಲವೂ ಸ್ಪಷ್ಟವಾಗಿ ಕೇಳಿಸಿತ್ತು.