ಆರೇಳ್ಲ ನಲವತ್ತೆರಡಕ್ಕೆ ಕೆಂಪು ಗೀಟು

೧.
ಈ ಕಥೆಯನ್ನು ಅಂಗಿಯ ಗುಂಡಿಯಿಂದ ಶುರು ಮಾಡಲೇ, ಗಣಿತದ ಮೇಡಂ ಕೈಯ ಕೆಂಪು ಪೆನ್ನಿನಿಂದಲೇ? ಗುಂಡಿಯಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಪೆನ್ನಿನಿಂದ ಶುರು ಮಾಡಿದರೆ ಮೇಡಂ ಸಿಡುಕುತ್ತಾರೆ. ನಿಮ್ಮ ಆಕಳಿಕೆಯೇ ವಾಸಿ.

೨.
(ಇದು ಮೂರನೇ ಡ್ರಾಫ್ಟ್. ಮೊದಲೆರಡರಲ್ಲಿ ಸಂಖ್ಯೆಗಳು ಕೈಕೈ ಹಿಡಿದು ಹಾಡುತ್ತಿದ್ದವು. ನನಗೇ ನಾಚಿಕೆಯಾಗಿ ಹರಿದು ಹಾಕಿದೆ.)

ಟೈಲರಮ್ಮನ ಮಗಳು ಮೂರನೇ ಕ್ಲಾಸು. ಸಂಜೆ ಅಮ್ಮನ ಮಿಷಿನ್ ಪಕ್ಕ ಕೂತು ಅಂಗಿಗೆ ಆರರಂತೆ ಗುಂಡಿ ಎಣಿಸಿಡುತ್ತಾಳೆ. ಏಳು ಅಂಗಿ ಬಂದರೆ ನಲವತ್ತೆರಡು ಗುಂಡಿ ಬೇಕು. ಡಬ್ಬಿಯಲ್ಲಿ ನಲವತ್ತೆರಡೇ ಉಳಿದಿದ್ದರೆ ಏಳು ಅಂಗಿಗಷ್ಟೇ ಸಾಕು. ಹೋದ ದಾರಿಯಲ್ಲೇ ವಾಪಸ್ ಬರಬಹುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಎಣಿಸಿ ಎಣಿಸಿ ಗೊತ್ತಾಗಿತ್ತು.

೩.
ಪರೀಕ್ಷೆಯಲ್ಲಿ ನಲವತ್ತೆರಡನ್ನು ಆರರಿಂದ ಭಾಗಿಸಲು ಕೇಳಿದ್ದರು. ಅವಳು ಏಳು ಎಂದು ಬರೆದು, ಪಕ್ಕದಲ್ಲಿ 'ಆರೇಳ್ಲ ನಲವತ್ತೆರಡು' ಎಂದು ಕಾರಣವನ್ನೂ ಬರೆದಳು. ಮೇಡಂ ಉದ್ದಕ್ಕೆ ಕೆಂಪು ಗೀಟು ಎಳೆದರು. ಭಾಗಾಕಾರದಲ್ಲಿ ಮಗ್ಗಿಗೇನು ಕೆಲಸ? ಆ ಶಾಲೆಯಲ್ಲಿ ಗುಣಾಕಾರಕ್ಕೊಂದು ನೋಟ್‌ಬುಕ್, ಭಾಗಾಕಾರಕ್ಕೊಂದು. ರಟ್ಟಿನ ಬಣ್ಣವೂ ಬೇರೆ. ನಲವತ್ತೆರಡರಿಂದ ಆರಾರನ್ನೇ ಕಳೆಯುತ್ತ ಏಳು ಸಾಲು ಬರೆದವರಿಗೆ ಮಾತ್ರ ಮಾರ್ಕು. ಸೊನ್ನೆ ತೆಗೆದವರಿಗೆ ಹಿಂದಿನ ಬೆಂಚು. ಅಲ್ಲಿಂದ ಬೋರ್ಡು ಕಾಣುವುದಿಲ್ಲ. ಬೋರ್ಡು ಕಾಣದವರಿಗೆ ಮುಂದಿನ ಸಲವೂ ಸೊನ್ನೆ. (ಒಳ್ಳೆಯ ವ್ಯವಸ್ಥೆ. ಒಮ್ಮೆ ಕೂರಿಸಿದರೆ ಸಾಕು, ಆಮೇಲೆ ತಾನೇ ನಡೆದುಕೊಂಡು ಹೋಗುತ್ತದೆ.)

೪.
ಮುಕ್ತಾಯಗಳು ಮೂರಿವೆ, ಆರಿಸಿಕೊಳ್ಳಿ.

ಅ) ಮೇಡಂ ತಪ್ಪೊಪ್ಪಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಇದಕ್ಕೆ ಮೇಡಂ ಸುತರಾಂ ಒಪ್ಪಲಿಲ್ಲ. ಐವತ್ತೆಂಟು ಪೇಪರು ತಿದ್ದುವವಳಿಗೆ ಅಳಲು ಪುರುಸೊತ್ತೆಲ್ಲಿ ಎಂದು ನನ್ನನ್ನೇ ಗದರಿದರು.

ಆ) ಟೈಲರಮ್ಮ ಡಬ್ಬಿ ಸಮೇತ ಶಾಲೆಗೆ ನುಗ್ಗುತ್ತಾಳೆ. ಮೂರೇ ಸಾಲಿನಲ್ಲಿ ಇದು ಸಿನಿಮಾ ಆಯಿತು. ಹೊಡೆದು ಹಾಕಿದೆ.

ಇ) ಹುಡುಗಿ ಏಳು ಸಾಲು ಬರೆಯಲು ಕಲಿತು ಮುಂದಿನ ಬೆಂಚಿಗೆ ಬರುತ್ತಾಳೆ. ಹಾವೂ ಸಾಯದು, ಕೋಲೂ ಮುರಿಯದು. ಅವಳನ್ನೇ ಕೇಳಿದೆ.

"ಬರೀತೀನಿ ಅಂಕಲ್. ಆದ್ರೆ ನನ್ನ ಉತ್ತರ ಸರಿ ಇತ್ತಾ ಇಲ್ವಾ, ಅದನ್ನ ಹೇಳಿ ಮೊದ್ಲು" ಅಂದಳು.

ಸರಿ ಇತ್ತೆಂದು ಹೇಳಿಸಲು ಮೇಡಂ ಹತ್ತಿರ ಹೋದೆ. ಅವರು ಮೇಜಿನ ಡ್ರಾಯರಿನಿಂದ ಶಿಕ್ಷಕರ ಕೈಪಿಡಿ ತೆಗೆದು ಮೂವತ್ತೊಂದನೇ ಪುಟ ತೋರಿಸಿದರು. ಭಾಗಾಕಾರದ ಲೆಕ್ಕಕ್ಕೆ ಮಗ್ಗಿ ಬಳಸಿದರೆ ಅಂಕ ಕೊಡಬಾರದು ಎಂದಿತ್ತು.

"ಇದನ್ನ ಬರೆದವರು ನೀವೇ ಅಲ್ವಾ ಸಾರ್?"

೫.
ನಾನೇ. ಗುಣಾಕಾರದ ಅಧ್ಯಾಯವನ್ನು ಬೇರೊಬ್ಬರು ಬರೆದಿದ್ದರು. ಕೈಪಿಡಿ ಕಮಿಟಿಯ ಮೊದಲ ಮೀಟಿಂಗಿನಲ್ಲೇ ಜಗಳವಾಗಿ ಅವರಿಗೂ ನನಗೂ ಮಾತು ಬಿಟ್ಟುಹೋಗಿತ್ತು. ಅವರ ಮಗ್ಗಿ ನನ್ನ ಅಧ್ಯಾಯದ ಹೊಸ್ತಿಲು ತುಳಿಯಬಾರದೆಂದು ಆ ನಿಯಮ ಹಾಕಿದೆ. ಇಷ್ಟು ಹೊತ್ತು ಮೇಡಂ ಪೆನ್ನನ್ನು ಆಡಿಕೊಂಡೆನಲ್ಲ, ಅದರೊಳಗಿನ ಇಂಕು ನನ್ನದು. ಹೇಳಲು ಮರ್ಯಾದೆ ಹೋಗುತ್ತದೆ, ಆದರೂ ಹೇಳಿದೆ.

ತಿದ್ದಿಸಲು ಕಮಿಟಿಗೆ ಒಂದು ಪತ್ರ ಸಾಕು. ಬರೆಯಲು ಕೂತವನು ಪತ್ರ ಬಿಟ್ಟು ಈ ಕಥೆ ಬರೆದೆ. (ಕಥೆಗೆ ಚಪ್ಪಾಳೆ ಬೀಳುತ್ತದೆ. ಪತ್ರಕ್ಕೆ ಸಹಿ ಹಾಕಬೇಕು.)

ದಯವಿಟ್ಟು ಮುಕ್ತಾಯ ಕೇಳಬೇಡಿ. ಇಲ್ಲಿ ಚುಕ್ಕಿ ಇಟ್ಟರೆ ಅವಳು ಹಿಂದಿನ ಬೆಂಚಿನಲ್ಲೇ ಉಳಿಯುತ್ತಾಳೆ. ಇಡದಿದ್ದರೂ ಈಗ ಅಲ್ಲೇ ಇದ್ದಾಳೆ, ಕುತ್ತಿಗೆ ಉದ್ದ ಮಾಡಿ ಬೋರ್ಡು ನೋಡುತ್ತ, ಸರಿಯೋ ತಪ್ಪೋ ಎಂದು ಇನ್ನೂ ಕೇಳುತ್ತ, ನಾನು